ಮೂರು ಸಮ ಸಿಕ್ಕರೆ ಸಾಕಾ?

ಒಂಬತ್ತನೇ ತರಗತಿಯ ಉತ್ತರ ಪತ್ರಿಕೆ ತಿದ್ದುವಾಗ ಪ್ರತಿ ವರ್ಷ ನನ್ನ ಪೆನ್ನು ಒಂದೇ ಜಾಗದಲ್ಲಿ ನಿಲ್ಲುತ್ತದೆ. ಎರಡು ತ್ರಿಭುಜಗಳಲ್ಲಿ ಎರಡು ಬಾಹು ಸಮ, ಒಂದು ಕೋನ ಸಮ. ಕೆಳಗೆ 'ಬಾಕೋಬಾ ಪ್ರಕಾರ ಸರ್ವಸಮ' ಅಂತ ಬರೆದು ಮುಗಿಸಿರುತ್ತಾರೆ. ಬಾಕೋಬಾ ಅಂದರೆ ಬಾಹು-ಕೋನ-ಬಾಹು: ಎರಡು ಬಾಹು ಮತ್ತು ಅವುಗಳ ನಡುವಿನ ಕೋನ ಸಮ ಇದ್ದರೆ ತ್ರಿಭುಜಗಳು ಸರ್ವಸಮ, ಅಂದರೆ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಆ ಕೋನ ಎಲ್ಲಿದೆ ಅಂತ ನೋಡಿಯೇ ಇರುವುದಿಲ್ಲ. ಅಂಕ ಕಳೆದರೆ ಅಪ್ಪ ಅಮ್ಮ ಬರುತ್ತಾರೆ: "ಮೂರೂ ಸರಿ ಇದೆಯಲ್ಲ ಮೇಡಂ?"

ಜಾಸ್ತಿ ಎಡವುವುದು ಸಮದ್ವಿಬಾಹು ತ್ರಿಭುಜದ ಲೆಕ್ಕದಲ್ಲಿ. ಶೃಂಗದಿಂದ ಪಾದಕ್ಕೆ ಲಂಬ ಎಳೆದಿದ್ದಾರೆ. ಆಚೆ ಈಚೆ ಬಾಹು ಸಮ, ಲಂಬ ಎರಡಕ್ಕೂ ಸಾಮಾನ್ಯ, 90° ಸಮ. ಆದರೆ ಆ 90° ಇರುವುದು ಕೆಳಗೆ. ನಾವು ಹೇಳಿದ ಎರಡು ಬಾಹು ಸೇರುವುದು ಮೇಲೆ. ಹಾಗಾಗಿ ಅದು ಬಾಕೋಬಾ ಅಲ್ಲ, ಲಂವಿಬಾ, ಅಂದರೆ ಲಂಬಕೋನ-ವಿಕರ್ಣ-ಬಾಹು. ಅದೇ ಗೆರೆ ಮೇಲಿನ ಕೋನವನ್ನು ಅರ್ಧ ಮಾಡುತ್ತದೆ ಅಂತ ದತ್ತದಲ್ಲಿದ್ದರೆ ಆಗ ಬಾಕೋಬಾ ಸರಿ.

ಕೋನದ ಜಾಗಕ್ಕೆ ಇಷ್ಟು ಹಠ ಯಾಕೆ? ಕೈವಾರ ತೆಗೆದುಕೊಳ್ಳಿ. ಒಂದು ಅಡ್ಡಗೆರೆ ಎಳೆದು, ಎಡತುದಿ ಪಿ ಯಲ್ಲಿ 30° ಕೋನ ಮಾಡಿ. ಓರೆ ಗೆರೆಯ ಮೇಲೆ 8 ಸೆಂ.ಮೀ. ದೂರಕ್ಕೆ ಕ್ಯೂ ಗುರುತಿಸಿ. ಕ್ಯೂನಲ್ಲಿ ಮುಳ್ಳು ಊರಿ 5 ಸೆಂ.ಮೀ. ಕಂಸ ಎಳೆಯಿರಿ. ಅಡ್ಡಗೆರೆಯನ್ನು ಅದು ಎರಡು ಕಡೆ ಕತ್ತರಿಸುತ್ತದೆ, ಪಿ ಯಿಂದ ಸುಮಾರು 3.9 ಸೆಂ.ಮೀ. ಮತ್ತು 9.9 ಸೆಂ.ಮೀ. ದೂರದಲ್ಲಿ. ಯಾವುದನ್ನು ಆರ್ ಅಂತ ಕರೆದರೂ ಎರಡು ಬಾಹು ಅವೇ, ಕೋನವೂ ಅದೇ. ತ್ರಿಭುಜ ಮಾತ್ರ ಬೇರೆ ಬೇರೆ! 5 ಸೆಂ.ಮೀ. ಬಾಹು ಕ್ಯೂ ಹತ್ತಿರ ಗೇಟಿನ ಹಾಗೆ ತಿರುಗುತ್ತಿದೆ. ಕ್ಯೂ ಕೋನವನ್ನೇ ಕೊಟ್ಟಿದ್ದರೆ ಅದು ಅಲ್ಲಾಡುತ್ತಿರಲಿಲ್ಲ.

ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಎರಡು ಬಾಹುಗಳ ಹೆಸರು ಬರೆಯಿರಿ: ಪಿಕ್ಯೂ, ಕ್ಯೂಆರ್. ಎರಡರಲ್ಲೂ ಬರುವ ಅಕ್ಷರ ಕ್ಯೂ, ಅಲ್ವಾ? ಕೋನದ ಶೃಂಗವೂ ಅದೇ ಅಕ್ಷರ ಆಗಿದ್ದರೆ ಮಾತ್ರ ಬಾಕೋಬಾ ಬರೆಯಿರಿ.

ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಲಂವಿಬಾದಲ್ಲೂ ಕೋನ ನಡುವೆ ಇಲ್ಲವಲ್ಲ, ಅದು ಹೇಗೆ ಸರಿ?" ಅವತ್ತು ಉಳಿದ ಪಾಠ ಪಕ್ಕಕ್ಕಿಟ್ಟು ಕೈವಾರವನ್ನು ಅವಳ ಕೈಗೇ ಕೊಟ್ಟೆ. ಅದೇ ಚಿತ್ರದಲ್ಲಿ 5ರ ಬದಲು 9 ಸೆಂ.ಮೀ. ಕಂಸ ಎಳೆದಳು. ಒಂದು ಛೇದ ಬಲಕ್ಕೆ ಬಿತ್ತು. ಇನ್ನೊಂದು ಬೀಳಬೇಕಾದರೆ ಗೆರೆಯನ್ನು ಪಿ ಯಿಂದ ಆಚೆಗೆ ಎಡಕ್ಕೆ ಎಳೆಯಬೇಕು, ಅಲ್ಲಿ ಕೋನ 30° ಇರುವುದಿಲ್ಲ. ಕೊಟ್ಟ ಕೋನದ ಎದುರಿನ ಬಾಹು ಇನ್ನೊಂದು ಬಾಹುವಿಗಿಂತ ದೊಡ್ಡದಿದ್ದರೆ ತ್ರಿಭುಜ ಒಂದೇ. ಲಂಬಕೋನದ ಎದುರು ಇರುವ ವಿಕರ್ಣ ಯಾವಾಗಲೂ ದೊಡ್ಡದು, ಅದಕ್ಕೇ ಲಂವಿಬಾ ನಡೆಯುತ್ತದೆ.

ಆದರೂ ಪರೀಕ್ಷೆಯಲ್ಲಿ 'ಬಾಬಾಕೋ' (ಬಾಹು-ಬಾಹು-ಕೋನ, ಕೋನ ನಡುವೆ ಇಲ್ಲದ್ದು) ಅಂತ ಕಾರಣ ಕೊಡಬೇಡಿ. 90° ಇದ್ದರೆ ಲಂವಿಬಾ ಹೊಂದುತ್ತದಾ ನೋಡಿ. ಇಲ್ಲದಿದ್ದರೆ ಸುಮ್ನೆ ಬರೆದು ಮುಗಿಸುವ ಬದಲು ಚಿತ್ರದಲ್ಲಿ ಇನ್ನೊಂದು ಕೋನ ಹುಡುಕಿ.