ಮಾಶ್ ಪಿಟ್ ಅಂದ್ರೆ ನೂಕುನುಗ್ಗಲು ಅಲ್ಲ

ತುಮಕೂರಲ್ಲಿ ಕಾಲೇಜ್ ಫೆಸ್ಟ್ ಸೀಸನ್ ಶುರುವಾದ್ರೆ ಮಾಶ್ ಪಿಟ್ ಅನ್ನೋ ಪದ ಎಲ್ರ ಸ್ಟೇಟಸ್ಸಲ್ಲೂ ಕಾಣತ್ತೆ. ಡಿಜೆ ಮುಂದೆ ಹುಡುಗ್ರು ಕೈ ಎತ್ತೋಕೂ ಜಾಗ ಇಲ್ದೆ ಒತ್ಕೊಂಡು ನಿಂತಿರ್ತಾರೆ, ಹಿಂದಿನೋರು ಸುಮ್ನೆ ತಳ್ತಾನೇ ಇರ್ತಾರೆ, ಮುಂದಿನ ಸಾಲಿನೋರು ಬ್ಯಾರಿಕೇಡ್‌ಗೆ ಅಪ್ಪಚ್ಚಿ ಆಗ್ತಿರ್ತಾರೆ, ಅದಕ್ಕೆ 'ನಮ್ಮೂರಲ್ಲೂ ಮಾಶ್ ಪಿಟ್, ಬೆಂಕಿ ಗುರು' ಅಂತ ಕ್ಯಾಪ್ಷನ್. ಅದು ಮಾಶ್ ಪಿಟ್ ಅಲ್ಲ, ನೂಕುನುಗ್ಗಲು. ಮಾಶ್ ಪಿಟ್ ಅಂದ್ರೆ ಪಂಕ್, ಮೆಟಲ್ ಥರದ ಜೋರು ರಾಕ್ ಶೋಗಳಲ್ಲಿ ಜನ ಜಾಗ ಮಾಡ್ಕೊಂಡು, ಓಡಾಡ್ತಾ ಒಬ್ಬರಿಗೊಬ್ಬರು ಡಿಕ್ಕಿ ಹೊಡ್ಕೊಂಡು ಕುಣಿಯೋದು. ಎರಡೂ ಒಂದೇ ಅಲ್ಲ ಅನ್ನೋದಷ್ಟೇ ಅಲ್ಲ, ಒಂದಕ್ಕೊಂದು ಪೂರ್ತಿ ಉಲ್ಟಾ.

ಪದದ ಹುಟ್ಟು ಹುಡುಕ್ತಾ ಹೋದ್ರೆ ವಾಷಿಂಗ್ಟನ್ ಡಿ.ಸಿ.ಯ ಬ್ಯಾಡ್ ಬ್ರೈನ್ಸ್ ಬ್ಯಾಂಡಿನ ಹತ್ರ ಬಂದು ನಿಲ್ತೀವಿ. ಕಪ್ಪು ಹುಡುಗರ ಬ್ಯಾಂಡು, ಮೊದಲು ಜಾಝ್ ಫ್ಯೂಷನ್ ನುಡಿಸ್ತಿದ್ದೋರು, 1970ರ ದಶಕದ ಕೊನೇಲಿ ಪಂಕ್ ಹಿಡಿದು ಅದರ ಸ್ಪೀಡನ್ನ ಎಲ್ಲಿಗೋ ತಗೊಂಡೋದ್ರು, ನಡುನಡುವೆ ಜಮೈಕದ ರೆಗೆ ಸಂಗೀತ ಬೇರೆ. ಗಾಯಕ ಎಚ್.ಆರ್. ಸ್ಟೇಜ್ ಮೇಲಿಂದ ಜಮೈಕದ ಧಾಟೀಲಿ 'ಮ್ಯಾಶ್' ಅಂತ ಕೂಗ್ತಿದ್ದದ್ದು ಕೆಳಗಿದ್ದ ಹುಡುಗರ ಕಿವಿಗೆ 'ಮಾಶ್' ಅಂತ ಬಿತ್ತು ಅನ್ನೋದು ಎಲ್ರೂ ಹೇಳೋ ಮಾತು. ಜಮೈಕದಲ್ಲಿ 'ಮ್ಯಾಶ್ ಅಪ್' ಅಂದ್ರೆ ಪುಡಿ ಮಾಡು. ಅದಕ್ಕೂ ಮುಂಚೆ ಕ್ಯಾಲಿಫೋರ್ನಿಯಾ ಕಡೆ ಇದನ್ನೇ ಸ್ಲ್ಯಾಮ್ ಡ್ಯಾನ್ಸ್ ಅಂತಿದ್ರು. ಆಮೇಲೆ ನ್ಯೂಯಾರ್ಕಿನ ಮೆಟಲ್ ಬ್ಯಾಂಡಿನೋರು ಪದಾನ ಎತ್ಕೊಂಡ್ರು, 1985ರಲ್ಲಿ ಎಸ್.ಓ.ಡಿ., 1987ರಲ್ಲಿ ಆಂತ್ರಾಕ್ಸ್ ಬ್ಯಾಂಡುಗಳು ಹಾಡಿನ ಹೆಸರಲ್ಲೇ ಹಾಕ್ಕೊಂಡ್ವು, ಹಂಗಾಗಿ ಇದು ಮೆಟಲ್ ಪದ ಅಂತ ತುಂಬಾ ಜನ ನಂಬಿದಾರೆ. ಹಾರ್ಡ್‌ಕೋರ್‌ದು ಇದು, ಅಂದ್ರೆ ಬ್ಯಾಡ್ ಬ್ರೈನ್ಸ್ ಥರದೋರು ನುಡಿಸ್ತಿದ್ದ ಆ ಸ್ಪೀಡ್ ಪಂಕ್‌ದು. ಮತ್ತೆ 'ಮೋಶ್' ಅಂತ ಬರೆಯೋರಿಗೆ ಒಂದು ಮಾತು, mosh ಅನ್ನೋ ಸ್ಪೆಲ್ಲಿಂಗ್ ನೋಡಿ ಮೋಸ ಹೋಗ್ಬೇಡಿ, ಅಮೆರಿಕದೋರ ಬಾಯಲ್ಲಿ ಇವತ್ತಿಗೂ ಅದು ಮಾಶೇ.

ಪಿಟ್ ಅಂದ್ರೆ ನೆಲದಲ್ಲಿ ತೋಡಿರೋ ಗುಂಡಿ ಏನಲ್ಲ. ಸ್ಟೇಜ್ ಮುಂದೆ ಜನ ತಾವಾಗೇ ಹಿಂದೆ ಸರಿದು ಬಿಟ್ಕೊಡೋ ಖಾಲಿ ಜಾಗ. ಆ ಖಾಲಿ ಇಲ್ಲದೇ ಇದ್ರೆ ಪಿಟ್ಟೇ ಇಲ್ಲ! 2013ರಲ್ಲಿ ಕಾರ್ನೆಲ್ ಯೂನಿವರ್ಸಿಟಿಯ ಭೌತಶಾಸ್ತ್ರದೋರು ಕನ್ಸರ್ಟ್ ವಿಡಿಯೋಗಳನ್ನ ಇಟ್ಕೊಂಡು ಲೆಕ್ಕ ಹಾಕಿದ್ರು, ಪಿಟ್ ಒಳಗಿನ ಜನ ಅನಿಲದ ಕಣಗಳ ಥರ ಡಿಕ್ಕಿ ಹೊಡ್ಕೊಂಡು ಬೇರೆ ಬೇರೆ ಕಡೆ ಹೋಗ್ತಾರೆ ಅಂತ ಕಂಡ್ಕೊಂಡ್ರು. ಡಿಕ್ಕಿ ಆದ್ಮೇಲೆ ದೂರ ಹೋಗೋಕೆ ಜಾಗ ಇರತ್ತೆ, ಅದೇ ವಿಷಯ. ಚದರ ಮೀಟರಿಗೆ ಆರು ಏಳು ಜನ ಆದ್ರೆ ಕಥೆ ಬೇರೆ, ಕಾಲು ನಿಮ್ಮದಾಗಿರಲ್ಲ, ಗುಂಪು ಹೋದ ಕಡೆ ದೇಹ ಹೋಗತ್ತೆ, ಎದೆ ಹಿಗ್ಗೋಕೆ ಆಗದೆ ನಿಂತಲ್ಲೇ ಉಸಿರು ಕಟ್ಟತ್ತೆ. 2021ರ ನವೆಂಬರಲ್ಲಿ ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್ ಫೆಸ್ಟಿವಲ್ಲಲ್ಲಿ 10 ಜನ ಸತ್ತಿದ್ದು ಹೀಗೆ. 2025ರ ಜೂನ್ 4ಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹತ್ರ ಜನ ಕಿಕ್ಕಿರಿದು 11 ಜೀವ ಹೋಯ್ತು, ಅದನ್ನ ನಾವ್ಯಾರೂ ಮರ್ತಿಲ್ಲ. ಅಂಥದ್ದೇ ಒತ್ತಡ ಕಣ್ಮುಂದೆ ಇರೋವಾಗ ಅದಕ್ಕೆ ಒಂದು ಸ್ಟೈಲಿಶ್ ಹೆಸರಿಟ್ರೆ ಮುಂದಿನ ಸಾಲಲ್ಲಿ ಒದ್ದಾಡ್ತಿರೋನೂ ಮಜಾ ಮಾಡ್ತಿದಾನೆ ಅಂತ ಹಿಂದಿನೋನು ಅಂದ್ಕೊಂಡು ಇನ್ನೊಂದು ಸಲ ತಳ್ತಾನೆ, ನಂಗೆ ಸಿಟ್ಟು ಬರೋದು ಇಲ್ಲೇ.

ಇನ್ನು 'ಮಾಶ್ ಪಿಟ್ ಅಂದ್ರೆ ಹೊಡೆದಾಟ' ಅನ್ನೋರು. ಬೆಂಗಳೂರಿಗೆ ಹೋಗಿ ನಾಲ್ಕೈದು ಬ್ಯಾಂಡ್ ಇರೋ ಒಂದು ಶೋ ಪೂರ್ತಿ ನೋಡಿ. ಒಬ್ಬ ಜಾರಿ ಬಿದ್ದ ಅಂದ್ರೆ ಸುತ್ತ ಇರೋ ಮೂರ್ನಾಲ್ಕು ಜನ ನಿಂತೇ ಬಿಡ್ತಾರೆ, ಕಂಕುಳಿಗೆ ಕೈ ಹಾಕಿ ಎತ್ತಿ 'ಆರಾಮಾ ಮಗಾ?' ಅಂತ ಕೇಳಿ, ಅವನು ತಲೆ ಆಡಿಸಿದ್ಮೇಲೇ ಮತ್ತೆ ಓಡೋದು. ಯಾರದೋ ಕನ್ನಡಕ ಸಿಕ್ರೆ ಕೈ ಎತ್ತಿ ಹಿಡ್ಕೊಂಡು ನಿಲ್ತಾರೆ. ಅಂಚಲ್ಲಿ ನಿಂತೋರು ಅಂಗೈ ಮುಂದೆ ಇಟ್ಕೊಂಡು ಒಳಗಿಂದ ಬಂದೋನನ್ನ ಮೆತ್ತಗೆ ವಾಪಸ್ ಕಳಿಸ್ತಾರೆ. ಮೊಣಕೈ ಬೀಸೋನಿಗೆ ಜನಾನೇ ಬುದ್ಧಿ ಹೇಳ್ತಾರೆ. ವಾಷಿಂಗ್ಟನ್ ಡಿ.ಸಿ.ಯ ಫುಗಾಝಿ ಬ್ಯಾಂಡಿನ ಗಾಯಕ ಇಯಾನ್ ಮಕೈ ಅಂತೂ ಯಾರಾದ್ರೂ ಬೇರೆಯೋರಿಗೆ ನೋವು ಮಾಡ್ತಿದ್ರೆ ಹಾಡು ನಿಲ್ಲಿಸಿ ಬೈತಿದ್ದ, ಟಿಕೆಟ್ ದುಡ್ಡು ವಾಪಸ್ ಕೊಟ್ಟು ಹೊರಗೂ ಕಳಿಸ್ತಿದ್ದ.

ಬ್ಯಾಂಡ್ ಬದಲಾದ್ರೆ ನೆಲದ ಚಿತ್ರಾನೂ ಬದಲಾಗತ್ತೆ. ಹಾರ್ಡ್‌ಕೋರ್ ಸೆಟ್ಟಲ್ಲಿ ವೇಗದ ಭಾಗಕ್ಕೆ ಎಲ್ರೂ ದುಂಡಗೆ ಸುತ್ತು ಓಡೋ ಸರ್ಕಲ್ ಪಿಟ್, ಬ್ರೇಕ್‌ಡೌನ್ ಬಂದು ತಾಳ ನಿಧಾನಕ್ಕೆ ಭಾರ ಆದಾಗ ಜಾಗ ಇನ್ನೂ ಅಗಲ. ಅದೇ ಶೋನಲ್ಲಿ ಮುಂದೆ ಪಾಪ್-ಪಂಕ್ ಬ್ಯಾಂಡ್ ಬಂತು ಅನ್ನಿ, ಕೋರಸ್ ಶುರುವಾದ ತಕ್ಷಣ ಎಲ್ರೂ ಮುಂದಕ್ಕೆ ಬಂದು ಮೈಕಿಗೆ ಬಾಯಿ ಕೊಡೋಕೆ ಒಬ್ಬರ ಮೇಲೊಬ್ಬರು ಹತ್ತಾರೆ. ಅದು ಸಿಂಗಲಾಂಗು, ಬ್ಯಾಂಡ್ ಜೊತೆ ಎಲ್ರೂ ಸೇರಿ ಹಾಡೋದು, ಅದರ ಖುಷಿ ಬೇರೆ, ಅದನ್ನೂ ಪಿಟ್ ಅನ್ಬೇಡಿ.

ಫೆಸ್ಟ್ ಮಾಡೋ ನಮ್ಮೂರ ಹುಡುಗ್ರಿಗೆ ಹೇಳೋದು ಒಂದೇ, ಮೂರು ಕಡೆ ಬ್ಯಾರಿಕೇಡ್ ಹಾಕಿ 'ಮಾಶ್ ಪಿಟ್ ಝೋನ್' ಅಂತ ಬೋರ್ಡ್ ನೇತಾಕ್ಬೇಡಿ. ಹಿಂದಕ್ಕೆ ಸರಿಯೋಕೆ ದಾರಿ ಬಿಡಿ, ಪಿಟ್ ಬೇಕು ಅನ್ಸಿದ್ರೆ ಜನಾನೇ ಮಾಡ್ಕೊತಾರೆ.