ಗೋಷಾವನ್ನು ಖಂಡಿಸಿದ ಬೇಗಂ ರೊಕೆಯಾ ತಮ್ಮ ಶಾಲೆಯಲ್ಲಿ ಅದನ್ನೇಕೆ ಪಾಲಿಸಿದರು?

ಪ್ರಶ್ನೆ: ಬಂಗಾಳದ ಲೇಖಕಿ ಬೇಗಂ ರೊಕೆಯಾ ಸಖಾವತ್ ಹುಸೇನ್, ಹೆಣ್ಣುಮಕ್ಕಳನ್ನು ಪರರ ಕಣ್ಣಿಗೆ ಬೀಳದಂತೆ ಮರೆಯಲ್ಲಿಡುವ ಗೋಷಾ ಪದ್ಧತಿಯ ವಿರುದ್ಧ ಕಟುವಾಗಿ ಬರೆದವರು. ಆದರೆ ಅವರು ಬುರ್ಖಾ ಧರಿಸುತ್ತಿದ್ದರು, ಅವರ ಶಾಲೆಯ ಹುಡುಗಿಯರು ಪರದೆ ಕಟ್ಟಿದ ಬಸ್ಸಿನಲ್ಲಿ ಬರುತ್ತಿದ್ದರು ಎನ್ನುತ್ತಾರೆ. ನುಡಿಗೂ ನಡೆಗೂ ಹೊಂದಾಣಿಕೆ ಇರಲಿಲ್ಲವೇ?

ಉತ್ತರ: ರೊಕೆಯಾ ಅವರ ತಕರಾರು ಮೈಮುಚ್ಚುವ ಉಡುಪಿನ ಮೇಲಿರಲಿಲ್ಲ. 1904ರಲ್ಲಿ ಪ್ರಕಟವಾದ ಅವರ ಪ್ರಬಂಧ ಸಂಕಲನ 'ಮೋತಿಚೂರ್'ನಲ್ಲಿ ಬುರ್ಖಾದ ಬಗ್ಗೆಯೇ ಒಂದು ಬರಹವಿದ್ದು, ಹೆಣ್ಣುಮಕ್ಕಳ ಏಳಿಗೆಗೆ ಅಡ್ಡಿಯಾಗಿರುವುದು ಬುರ್ಖಾ ಅಲ್ಲ, ಶಿಕ್ಷಣದ ಕೊರತೆ ಎಂದು ಅವರು ಅದರಲ್ಲಿ ವಾದಿಸುತ್ತಾರೆ. ಅವರು ಖಂಡಿಸಿದ್ದು ಹೆಣ್ಣನ್ನು ಮನೆಯೊಳಗೇ ಕೂಡಿಹಾಕಿ ಅಕ್ಷರದಿಂದಲೂ ಲೋಕದಿಂದಲೂ ದೂರವಿಡುತ್ತಿದ್ದ ಕಟ್ಟಳೆಯನ್ನು. ಅದರ ಬಿಸಿ ಅವರಿಗೆ ಚಿಕ್ಕಂದಿನಲ್ಲೇ ತಟ್ಟಿತ್ತು. 1880ರಲ್ಲಿ ಈಗಿನ ಬಾಂಗ್ಲಾದೇಶದಲ್ಲಿರುವ ರಂಗಪುರದ ಪಾಯ್ರಾಬಂದ್‌ನಲ್ಲಿ ಜಮೀನ್ದಾರರ ಮನೆಯಲ್ಲಿ ಹುಟ್ಟಿದ ರೊಕೆಯಾ ಐದನೆಯ ವಯಸ್ಸಿನಲ್ಲೇ ಹೊರಗಿನಿಂದ ಬಂದ ಹೆಂಗಸರ ಕಣ್ಣಿಗೂ ಬೀಳದಂತೆ ಅಡಗಿಕೊಳ್ಳಬೇಕಾಗಿತ್ತು. ಮನೆಮಂದಿಯೆಲ್ಲ ಮಲಗಿದ ಮೇಲೆ ಅಣ್ಣ ಇಬ್ರಾಹಿಂ ಸಾಬೇರ್ ಗುಟ್ಟಾಗಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಅಕ್ಕ ಕರೀಮುನ್ನೀಸಾ ಅವರಿಂದ ಬಂಗಾಳಿಯ ಒಲವು ಬೆಳೆಯಿತು. 1905ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಬಂದ ಅವರ ಇಂಗ್ಲಿಷ್ ಕಥೆ 'ಸುಲ್ತಾನಾಳ ಕನಸು' ಗಂಡಸರೇ ಮನೆಯೊಳಗಿದ್ದು ಹೆಂಗಸರು ವಿಜ್ಞಾನದ ಬಲದಿಂದ ನಾಡನ್ನಾಳುವ ಲೋಕವನ್ನು ಚಿತ್ರಿಸುತ್ತದೆ. ಇಷ್ಟು ದಿಟ್ಟವಾಗಿ ಯೋಚಿಸಿದವರು ಶಾಲೆಯ ವಿಷಯದಲ್ಲಿ ತಗ್ಗಿ ನಡೆದದ್ದು ಅಂಜಿಕೆಯಿಂದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪತಿ ಸಖಾವತ್ ಹುಸೇನ್ 1909ರಲ್ಲಿ ತೀರಿಕೊಂಡರು. ಅವರು ಹೆಣ್ಣುಮಕ್ಕಳ ಶಾಲೆಗೆಂದು ಮೀಸಲಿಟ್ಟಿದ್ದ ಹತ್ತು ಸಾವಿರ ರೂಪಾಯಿಯಿಂದ ರೊಕೆಯಾ ಅದೇ ವರ್ಷ ಬಿಹಾರದ ಭಾಗಲ್ಪುರದಲ್ಲಿ ಐವರು ಹುಡುಗಿಯರೊಂದಿಗೆ ಶಾಲೆ ತೆರೆದರು. ಕುಟುಂಬದ ಆಸ್ತಿ ಕಲಹದಿಂದ ಊರು ಬಿಡಬೇಕಾಗಿ ಬಂದಾಗ, 1911ರಲ್ಲಿ ಕಲ್ಕತ್ತಾದ ವಲೀಉಲ್ಲಾ ಲೇನ್‌ನಲ್ಲಿ ಎಂಟು ಮಂದಿಯೊಂದಿಗೆ ಮತ್ತೆ ಮೊದಲಿಟ್ಟರು. ತಾವೇ ಎಂದೂ ಶಾಲೆಯ ಮೆಟ್ಟಿಲು ಹತ್ತದಿದ್ದ ಅವರು ತರಗತಿ ನಡೆಸುವ ಬಗೆಯನ್ನು ನಗರದ ಬ್ರಾಹ್ಮೋ ಸಮಾಜದ ಮತ್ತು ಕ್ರೈಸ್ತರ ಶಾಲೆಗಳಿಗೆ ಹೋಗಿ ನೋಡಿ ಕಲಿತರು. ಮನೆಮನೆಗೆ ತೆರಳಿ, ಮಗಳನ್ನು ಕಳುಹಿಸಿಕೊಡಿ ಎಂದು ಹೆತ್ತವರನ್ನು ಒಪ್ಪಿಸಿದರು.

ಬಸ್ಸಿನ ಪ್ರಸಂಗವನ್ನು ಅವರೇ ಗೋಷಾದ ಪಾಡನ್ನು ಕುರಿತ ತಮ್ಮ ಪುಸ್ತಕ 'ಅವರೋಧಬಾಸಿನಿ'ಯಲ್ಲಿ ದಾಖಲಿಸಿದ್ದಾರೆ. ಶಾಲೆಗೆ ಮೊದಲು ಬಂದ ಬಸ್ಸು ಗಾಳಿ ಬೆಳಕಿಗೂ ಎಡೆಯಿಲ್ಲದಂತೆ ಮುಚ್ಚಿತ್ತು. ಕತ್ತಲೆಗೂ ಸೆಕೆಗೂ ಹುಡುಗಿಯರು ವಾಂತಿ ಮಾಡಿಕೊಂಡರು, ಕೆಲವರು ಮೂರ್ಛೆ ಹೋದರು, ಹೆತ್ತವರು ದೂರಿದರು. ಮುಚ್ಚಿದ್ದ ಕಿಂಡಿಗಳನ್ನು ತೆರೆಸಿ ಬಟ್ಟೆಯ ಪರದೆ ಕಟ್ಟಿಸಿದ್ದೇ ತಡ, ಗಾಳಿಗೆ ಪರದೆ ಹಾರಿ ಹುಡುಗಿಯರು ಕಾಣುತ್ತಿದ್ದಾರೆ, ಸರಿಪಡಿಸದಿದ್ದರೆ ಉರ್ದು ಪತ್ರಿಕೆಗಳಲ್ಲಿ ಶಾಲೆಯ ವಿರುದ್ಧ ಬರೆಯುತ್ತೇವೆ ಎಂಬ ಬೆದರಿಕೆಯ ಪತ್ರಗಳು ಬಂದವು. ನಿಮ್ಮ ಪ್ರಶ್ನೆಯನ್ನು ಈ ಪತ್ರಗಳ ಎದುರಿಗಿಟ್ಟು ನೋಡಬೇಕು. ಅಂದು ರೊಕೆಯಾ ಪರದೆಯನ್ನು ಕಿತ್ತೆಸೆದಿದ್ದರೆ ಅವರ ತತ್ವ ಉಳಿಯುತ್ತಿತ್ತು, ಹುಡುಗಿಯರು ಮಾತ್ರ ಮರುದಿನದಿಂದ ಮನೆಯಲ್ಲೇ ಉಳಿಯುತ್ತಿದ್ದರು.

ಪರದೆಯ ಆಚೆ ನಡೆಯುತ್ತಿದ್ದ ಪಾಠದಲ್ಲಿ ಅವರು ರಾಜಿ ಮಾಡಿಕೊಳ್ಳಲಿಲ್ಲ. ಕುರ್‌ಆನ್ ಪಠಣದ ಜೊತೆಗೆ ಇಂಗ್ಲಿಷ್, ಬಂಗಾಳಿ, ಉರ್ದು, ಪಾರಸಿ, ಪ್ರಥಮ ಚಿಕಿತ್ಸೆ, ಹೊಲಿಗೆ, ವ್ಯಾಯಾಮ, ಸಂಗೀತ ಎಲ್ಲವೂ ಅಲ್ಲಿದ್ದವು. ಇವನ್ನು ಕಲಿಸಬಲ್ಲ ಶಿಕ್ಷಕಿಯರು ಕಲ್ಕತ್ತಾದಲ್ಲಿ ಸಾಕಷ್ಟು ಸಿಗದೆ ಮದ್ರಾಸ್, ಗಯಾ, ಆಗ್ರಾಗಳಿಂದ ಕರೆಸಬೇಕಾಯಿತು. ಈ ಕೊರತೆ ನೀಗಬೇಕೆಂದು ಅವರು ಬಿಡದೆ ಒತ್ತಾಯಿಸಿದ ಫಲವಾಗಿ 1919ರಲ್ಲಿ ಸರ್ಕಾರ ಕಲ್ಕತ್ತಾದಲ್ಲಿ ಮುಸ್ಲಿಂ ಮಹಿಳೆಯರಿಗಾಗಿ ಶಿಕ್ಷಕಿಯರ ತರಬೇತಿ ಶಾಲೆಯನ್ನು ತೆರೆಯಿತು.