ಕ್ಯಾಸ್‌ಗೆ ಅಂಕವೇ ಇಲ್ಲ ಅಂದಮೇಲೆ ಬಿಟ್ಟರೇನು?

ಓದುಗರ ಪ್ರಶ್ನೆ: ಮಗಳಿಗೆ ಹೊರದೇಶದ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಐಬಿ ಡಿಪ್ಲೊಮಾಗೆ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ನಮ್ಮ ಪಿಯುಸಿ ಹಂತದ ಎರಡು ವರ್ಷದ ಕೋರ್ಸು) ಸೀಟು ಸಿಕ್ಕಿದೆ. ಆರು ವಿಷಯ, ದೊಡ್ಡ ಪ್ರಬಂಧ, ಪ್ರಾಜೆಕ್ಟು, ಅದರ ಮೇಲೆ ಆಟ, ಕ್ಲಬ್ಬು, ಸಮಾಜಸೇವೆ ಅಂತ ಉದ್ದದ ಪಟ್ಟಿ ಕಳಿಸಿದ್ದಾರೆ. ಈ ಆಟ, ಕ್ಲಬ್ಬು, ಸೇವೆಗೆಲ್ಲ ಸೇರಿ ‘ಕ್ಯಾಸ್’ ಅನ್ನುತ್ತಾರೆ, ಅದಕ್ಕೆ ಒಂದು ಅಂಕವೂ ಇಲ್ಲವಂತೆ. ಹಾಗಿದ್ದರೆ ಅದನ್ನು ಹೆಸರಿಗೆ ಮುಗಿಸಿ, ಓದಿನ ಕಡೆ ಮಾತ್ರ ಗಮನ ಕೊಟ್ಟರೆ ಸಾಲದೇ?

ಸಾಲದು. ಅಂಕವಿಲ್ಲ ಅನ್ನುವುದೇನೋ ನಿಜ. ಆದರೆ ಕ್ಯಾಸ್ ಪೂರ್ತಿಯಾಗದಿದ್ದರೆ 45ಕ್ಕೆ 40 ಬಂದರೂ ಡಿಪ್ಲೊಮಾ ಕೈಗೆ ಬರುವುದಿಲ್ಲ. ವಿಷಯವಾರು ಗ್ರೇಡುಗಳ ಪಟ್ಟಿ ಮಾತ್ರ ಸಿಗುತ್ತದೆ. ಅಷ್ಟೇ ಅಲ್ಲ, ಈ ಎರಡು ವರ್ಷದಲ್ಲಿ ಮಕ್ಕಳನ್ನು ಹೈರಾಣ ಮಾಡುವುದು ಆಟವೂ ಅಲ್ಲ, ಕ್ಲಬ್ಬೂ ಅಲ್ಲ. ಎರಡನೇ ವರ್ಷದ ಸೆಪ್ಟೆಂಬರಿನಿಂದ ಜನವರಿವರೆಗೆ ಎಲ್ಲ ವಿಷಯದ ಬರವಣಿಗೆ ಕೆಲಸವೂ ಒಂದರ ಮೇಲೊಂದು ಬಂದು ಬೀಳುತ್ತದಲ್ಲ, ಅದು. ಆಟ ಬಿಡಿಸಿದ ಮಾತ್ರಕ್ಕೆ ಆ ನಾಲ್ಕೈದು ತಿಂಗಳು ಹಗುರಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಆರು ವಿಷಯಗಳಲ್ಲಿ ಮೂರನ್ನು ಹೈಯರ್ ಲೆವೆಲ್, ಅಂದರೆ ಎಚ್‌ಎಲ್‌ನಲ್ಲಿ ಓದಬೇಕು. ಒಂದೊಂದಕ್ಕೂ 240 ಗಂಟೆ ಪಾಠ. ಉಳಿದ ಮೂರು ಸ್ಟ್ಯಾಂಡರ್ಡ್ ಲೆವೆಲ್, ತಲಾ 150 ಗಂಟೆ. ಥಿಯರಿ ಆಫ್ ನಾಲೆಡ್ಜ್ (ನಮಗೆ ಗೊತ್ತಿರುವುದು ಹೇಗೆ ಗೊತ್ತಾಯಿತು ಅಂತ ಕೇಳಿಕೊಳ್ಳುವ ಪಾಠ), ಮಕ್ಕಳ ಬಾಯಲ್ಲಿ ‘ಟಾಕ್’, ಇನ್ನೊಂದು 100 ಗಂಟೆ. ಒಟ್ಟು 1270. ಎರಡು ವರ್ಷದಲ್ಲಿ ಪಾಠ ನಡೆಯುವ ವಾರಗಳು ಸುಮಾರು 60 ಅಂದುಕೊಂಡರೆ ವಾರಕ್ಕೆ 21 ಗಂಟೆಯಷ್ಟು ಕ್ಲಾಸು. ಕ್ಯಾಸ್‌ಗೆ ವಾರಕ್ಕೆ ಮೂರ್ನಾಲ್ಕು ಗಂಟೆ, ಅಂದರೆ ಅರ್ಧ ದಿನ. ಹೋಮ್‌ವರ್ಕ್ ಸೇರಿಸಿದರೂ ಇದು ಆಗದ ಮಾತಲ್ಲ. ಆದರೆ ‘ನಾಲ್ಕು ಎಚ್‌ಎಲ್ ತಗೊಂಡರೆ ಯೂನಿವರ್ಸಿಟಿಯವರು ಮೆಚ್ಚುತ್ತಾರೆ’ ಅಂತ ಹುರುಪಿನಲ್ಲಿ ಸೇರಿಸಿಕೊಂಡವರಿಗೆ ಈ ಲೆಕ್ಕ ಮೊದಲ ಟರ್ಮಿನಲ್ಲೇ ಕೆಡುತ್ತದೆ. ನಿರ್ದಿಷ್ಟ ಕೋರ್ಸೊಂದು ಕೇಳಿದ್ದರೆ ಸರಿ, ಇಲ್ಲದಿದ್ದರೆ ಮೂರೇ ಸಾಕು.

ಅಂಕ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ತಿಳಿದಿರಬೇಕು. ಪ್ರತಿ ವಿಷಯಕ್ಕೆ 7ರಂತೆ 42. ಟಾಕ್ ಮತ್ತು ಎಕ್ಸ್‌ಟೆಂಡೆಡ್ ಎಸ್ಸೇ (ನೀವು ಹೇಳಿದ ದೊಡ್ಡ ಪ್ರಬಂಧ, ಎಲ್ಲರೂ ‘ಇಇ’ ಅನ್ನುತ್ತಾರೆ) ಎರಡೂ ಸೇರಿ ಹೆಚ್ಚೆಂದರೆ 3. ಪಾಸಾಗಲು 24 ಬೇಕು; ಅದರ ಜೊತೆ ಎಚ್‌ಎಲ್ ವಿಷಯಗಳಲ್ಲಿ ಕನಿಷ್ಠ 12, ಸ್ಟ್ಯಾಂಡರ್ಡ್‌ನಲ್ಲಿ ಕನಿಷ್ಠ 9. ಟಾಕ್‌ನಲ್ಲೋ ಇಇಯಲ್ಲೋ ಎಲ್ಲಕ್ಕಿಂತ ಕೆಳಗಿನ ‘ಇ’ ಗ್ರೇಡ್ ಬಂತೋ, ಉಳಿದದ್ದೆಲ್ಲ ಚೆನ್ನಾಗಿದ್ದರೂ ಡಿಪ್ಲೊಮಾ ಇಲ್ಲ. ಮೂರು ಅಂಕಕ್ಕೆ ಇಷ್ಟೆಲ್ಲ ಯಾಕೆ ಅಂತ ಉದಾಸೀನ ಮಾಡುವವರು ಕಡೆಗೆ ಈ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಾರೆ.

ಈಗ ಕ್ಯಾಸ್. ಕ್ರಿಯೇಟಿವಿಟಿ, ಆಕ್ಟಿವಿಟಿ, ಸರ್ವಿಸ್: ಏನಾದರೂ ಸೃಷ್ಟಿಸುವುದು, ಮೈ ಬಗ್ಗಿಸುವುದು, ಇನ್ನೊಬ್ಬರಿಗೆ ದುಡ್ಡು ತಗೊಳ್ಳದೆ ಕೆಲಸಕ್ಕೆ ಬರುವುದು. ಹಿಂದೆ ಇದಕ್ಕೆ 150 ಗಂಟೆ ಅಂತ ಲೆಕ್ಕವಿತ್ತು. ಈಗ ಗಂಟೆ ಎಣಿಸುವುದಿಲ್ಲ. ಅದರ ಬದಲು ಕನಿಷ್ಠ 18 ತಿಂಗಳು ನಿಲ್ಲದೆ ನಡೆಯಬೇಕು, ಏಳು ‘ಲರ್ನಿಂಗ್ ಔಟ್‌ಕಮ್’ಗಳಿಗೆ ಪುರಾವೆ ಇರಬೇಕು, ಇತರರ ಜೊತೆ ಸೇರಿ ಕನಿಷ್ಠ ಒಂದು ತಿಂಗಳು ನಡೆಸಿದ ಒಂದು ಪ್ರಾಜೆಕ್ಟ್ ಇರಬೇಕು, ಕ್ಯಾಸ್ ಕೋಆರ್ಡಿನೇಟರ್ ಜೊತೆ ಮೂರು ಸಲ ಕೂತು ಮಾತಾಡಬೇಕು. 18 ತಿಂಗಳು ಅನ್ನುವ ಷರತ್ತೇ ಹೆಸರಿಗೆ ಮುಗಿಸುವ ಉಪಾಯವನ್ನು ಕೆಡಿಸುವುದು. ಎರಡನೇ ವರ್ಷದ ಜನವರಿಯಲ್ಲಿ ಕೂತು ಎಲ್ಲವನ್ನೂ ಒಮ್ಮೆಲೇ ಹುಟ್ಟಿಸಲು ಬರುವುದಿಲ್ಲ. ನಮೂದಿನ ತಾರೀಖುಗಳೇ ಬಣ್ಣ ಬಯಲು ಮಾಡುತ್ತವೆ.

ಓದಿನ ನಡುವೆ ಬೆಟ್ಟ ಹತ್ತಿಸುವ, ಸೇವೆ ಮಾಡಿಸುವ ಈ ಯೋಚನೆ ಹೊಸದೇನಲ್ಲ. ನಾತ್ಸಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಬ್ರಿಟನ್ನಿಗೆ ಬಂದ ಕರ್ಟ್ ಹಾನ್ ಎಂಬ ಶಿಕ್ಷಕ 1934ರಲ್ಲಿ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟೌನ್ ಶಾಲೆ ಕಟ್ಟಿದ. ಹದಿಹರೆಯದವರಿಂದ ಸೇವೆ, ಚಾರಣ ಮಾಡಿಸುವ 1956ರ ಡ್ಯೂಕ್ ಆಫ್ ಎಡಿನ್‌ಬರಾ ಅವಾರ್ಡ್ ಹಿಂದೆಯೂ, 1962ರಲ್ಲಿ ವೇಲ್ಸ್‌ನಲ್ಲಿ ಶುರುವಾದ ಅಟ್ಲಾಂಟಿಕ್ ಕಾಲೇಜಿನ ಹಿಂದೆಯೂ ಅವನೇ ಇದ್ದ. ಐಬಿ ಸಂಸ್ಥೆ 1968ರಲ್ಲಿ ಜಿನೀವಾದಲ್ಲಿ ಹುಟ್ಟಿದಾಗ ಈ ಗಾಳಿ ಅದಕ್ಕೂ ಬೀಸಿತ್ತು. ಹಾಗಾಗಿಯೇ ಬ್ರಿಟನ್ನಿನ ಎ-ಲೆವೆಲ್ ಅಥವಾ ಅಮೆರಿಕದ ಎಪಿ ಕೋರ್ಸು ನಡೆಸುವ ಶಾಲೆಗಳಲ್ಲಿ ಕ್ಲಬ್ಬು, ಆಟ ಎಷ್ಟೇ ಇದ್ದರೂ ಅವು ಸರ್ಟಿಫಿಕೇಟಿಗೆ ಕಟ್ಟಿಹಾಕಿದ ಷರತ್ತಲ್ಲ. ಐಬಿಯಲ್ಲಿ ಷರತ್ತು.

ಕ್ಯಾಸ್‌ಗೆ ಏನು ಸೇರುವುದಿಲ್ಲ ಅನ್ನುವುದರಲ್ಲೇ ಹೆಚ್ಚು ಎಡವಟ್ಟು. ಸಂಬಳದ ಕೆಲಸ ಸೇರದು. ಕ್ಲಾಸಿನ ಅಂಕಕ್ಕೆ, ಇಇಗೆ, ಟಾಕ್‌ಗೆ ಮಾಡಿದ ಕೆಲಸವನ್ನೇ ಇಲ್ಲಿ ಮತ್ತೆ ತೋರಿಸುವಂತಿಲ್ಲ. ಒಂದು ದಿನ ಬೀಚ್ ಕ್ಲೀನ್ ಮಾಡಿ ಫೋಟೊ ಹಾಕಿದ್ದು ಒಂದು ಅನುಭವವಾಗಬಹುದು, ಪ್ರಾಜೆಕ್ಟ್ ಆಗುವುದಿಲ್ಲ. ಹಾಗೆಂದು ಎಲ್ಲ ಹೊಸದೇ ಬೇಕೆಂದಿಲ್ಲ. ಮಗಳು ಈಗಾಗಲೇ ವೀಣೆಯೋ ಪಿಯಾನೋವೋ ಕಲಿಯುತ್ತಿದ್ದರೆ ಅದನ್ನೇ ಮುಂದುವರಿಸಲಿ, ಆದರೆ ಒಂದು ಹೊಸ ಗುರಿ ಜೊತೆಗಿರಲಿ: ಚಿಕ್ಕ ಮಕ್ಕಳ ಗುಂಪಿಗೆ ಕಲಿಸುವುದು, ಒಂದು ಸಂಗೀತ ಕಛೇರಿ ಏರ್ಪಡಿಸುವುದು. ಕ್ಯಾಸ್ ಹಗುರಾಗುವ ದಾರಿ ಇದೊಂದೇ: ಮಗು ಹೇಗೂ ಬಿಡದೆ ಮಾಡುವಂಥದ್ದನ್ನೇ ಎರಡು ಮೂರು ಆರಿಸಿ, ಉದ್ದಕ್ಕೆ ಎಳೆಯುವುದು.

ನಿಜವಾದ ಕಿರಿಕಿರಿ ‘ರಿಫ್ಲೆಕ್ಷನ್’, ಅಂದರೆ ಮಾಡಿದ್ದರಿಂದ ಏನು ಕಲಿತೆ ಅಂತ ಬರೆಯುವುದು. ಬಹಳಷ್ಟು ಶಾಲೆಗಳಲ್ಲಿ ಇದನ್ನು ಮ್ಯಾನೇಜ್‌ಬ್ಯಾಕ್‌ನಂಥ ಪೋರ್ಟಲ್‌ಗೆ ಏರಿಸಬೇಕು. ಆರು ತಿಂಗಳು ಬಾಕಿ ಉಳಿಸಿಕೊಂಡವರು ಬರೆಯುವುದು ಹೀಗಿರುತ್ತದೆ: ‘ಈಜು ಕಲಿಸಿದ್ದು ಒಳ್ಳೆಯ ಅನುಭವ. ತಂಡವಾಗಿ ಕೆಲಸ ಮಾಡುವುದನ್ನು ಕಲಿತೆ.’ ಕೋಆರ್ಡಿನೇಟರ್ ಇದನ್ನು ವಾಪಸ್ ಕಳಿಸುತ್ತಾರೆ. ಅದೇ ದಿನ ಸಂಜೆ ಕೂತು ಬರೆದಿದ್ದರೆ ಹೀಗಿರುತ್ತಿತ್ತು: ‘ಮೂರನೇ ವಾರವೂ ಇಬ್ಬರು ಮಕ್ಕಳು ನೀರಿಗೆ ಮುಖ ಇಡಲಿಲ್ಲ. ಒತ್ತಾಯ ಮಾಡಿದೆ, ಒಬ್ಬ ಅತ್ತ. ಮುಂದಿನ ವಾರ ಆಟಿಕೆ ತಳಕ್ಕೆ ಹಾಕಿ ಹೆಕ್ಕುವ ಆಟ ಆಡಿಸಿದೆ, ಅವರೇ ಮುಳುಗಿದರು. ನಾನು ಹೇಳಿಕೊಡುವ ಆತುರದಲ್ಲಿದ್ದೆ.’ ನಾಲ್ಕು ಸಾಲು, ಹತ್ತು ನಿಮಿಷ. ಸೋತದ್ದು, ಬದಲಾಯಿಸಿದ್ದು ಎರಡೂ ಅದರಲ್ಲಿವೆ. ಪ್ರತಿ ಸಲವೂ ಬರೆಯಬೇಕಿಲ್ಲ. ಏನಾದರೂ ತಿರುವು ಕಂಡಾಗ ಬರೆದರೆ ಸಾಕು. ಧ್ವನಿಮುದ್ರಣ, ವಿಡಿಯೊ ಕೂಡ ನಡೆಯುತ್ತದೆ.

ಯಾವ ಚಟುವಟಿಕೆ ಎಷ್ಟು ಹೊತ್ತು ತಿನ್ನುತ್ತದೆ ಅನ್ನುವುದು ಬ್ರೋಷರ್‌ನಲ್ಲಿ ಇರುವುದಿಲ್ಲ. ಶಾಲಾ ತಂಡದ ಆಟಕ್ಕೆ ವಾರಕ್ಕೆ ಎರಡು ಮೂರು ಸಂಜೆ ಅಭ್ಯಾಸ, ಮೇಲೆ ಪಂದ್ಯಕ್ಕೆ ಪ್ರಯಾಣ. ಆದರೆ ಸೀಸನ್ ಮುಗಿದ ಮೇಲೆ ಬಿಡುವು. ಮಾಡೆಲ್ ಯುಎನ್ (ವಿಶ್ವಸಂಸ್ಥೆಯ ಸಭೆಯಂತೆ ಮಕ್ಕಳು ದೇಶಗಳ ಪರ ವಾದ ಮಾಡುವ ಅಣಕು ಸಮ್ಮೇಳನ) ನೋಡಲು ವಾರಕ್ಕೊಂದು ಗಂಟೆ. ಸಮ್ಮೇಳನ ಹತ್ತಿರ ಬಂದಾಗ ತಮ್ಮ ದೇಶದ ನಿಲುವು ಬರೆಯುವ ಪೊಸಿಷನ್ ಪೇಪರ್, ಠರಾವಿನ ಕರಡು, ಮೇಲೆ ಎರಡು ಮೂರು ದಿನ ಕ್ಲಾಸು ತಪ್ಪುವುದು. ದಿ ಹೇಗ್‌ನಲ್ಲಿ 1968ರಿಂದ ನಡೆದುಬಂದಿರುವ ತಿಮುನ್ ಎಂಬ ಮಾಡೆಲ್ ಯುಎನ್ ಸಮ್ಮೇಳನ ಸಾಮಾನ್ಯವಾಗಿ ಜನವರಿಯ ಹೊತ್ತಿಗೆ ಬರುತ್ತದೆ. ಮೊದಲ ವರ್ಷದಲ್ಲಿ ಹೋಗಲಿ, ಎರಡನೇ ವರ್ಷ ಬೇಡ. ಇಂಟರ್‌ನ್ಯಾಷನಲ್ ಅವಾರ್ಡ್‌ನ (ಮೇಲೆ ಹೇಳಿದ ಡ್ಯೂಕ್ ಆಫ್ ಎಡಿನ್‌ಬರಾ ಅವಾರ್ಡ್‌ನ ಅಂತರರಾಷ್ಟ್ರೀಯ ರೂಪ) ಗೋಲ್ಡ್ ಹಂತ 16 ತುಂಬಿದವರಿಗೆ: ಸೇವೆ, ಕೌಶಲ, ವ್ಯಾಯಾಮ ವಾರವಾರ ನಡೆಯಬೇಕು, ಜೊತೆಗೆ 4 ಹಗಲು 3 ರಾತ್ರಿಯ ಚಾರಣ. ಇದು ಕ್ಯಾಸ್ ಜೊತೆ ಚೆನ್ನಾಗಿ ಹೊಂದುವುದರಿಂದ ಒಂದೇ ಶ್ರಮಕ್ಕೆ ಎರಡು ಫಲ. ಐದಾರು ಕ್ಲಬ್ಬಿಗೆ ಹೆಸರು ಕೊಟ್ಟು ಎಲ್ಲದರಲ್ಲೂ ಹಿಂದಿನ ಬೆಂಚಿನಲ್ಲಿ ಕೂರುವುದು ಮಾತ್ರ ಪೂರ್ತಿ ದಂಡ. ಅಮೆರಿಕದ ಕಾಲೇಜುಗಳಿಗೆ ಕಳಿಸುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಚಟುವಟಿಕೆಗೆ ಹತ್ತೇ ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ. ‘ಸದಸ್ಯೆ’ ಎಂಬ ಪದ ಹತ್ತು ಸಲ ಬಂದರೆ ಅಲ್ಲಿ ಹೇಳಲು ಏನೂ ಉಳಿಯುವುದಿಲ್ಲ.

ಇನ್ನು ಆಟವೂ ಓದೂ ಡಿಕ್ಕಿ ಹೊಡೆಯುವ ಜಾಗ: ಇಂಟರ್ನಲ್ ಅಸೆಸ್‌ಮೆಂಟ್, ‘ಐಎ’, ಅಂದರೆ ಶಾಲೆಯಲ್ಲೇ ಮಾಡಿ ಶಿಕ್ಷಕರೇ ಮೊದಲು ಅಂಕ ಹಾಕುವ ಕೆಲಸ. ವಿಜ್ಞಾನ ವಿಷಯಗಳಲ್ಲಿ ಇದು ಅಂತಿಮ ಗ್ರೇಡಿನ 20 ಶೇಕಡ, ವರದಿ 3000 ಪದದೊಳಗೆ, ಸುಮಾರು 10 ಗಂಟೆಯ ಕೆಲಸ. ಗಣಿತಕ್ಕೂ 20 ಶೇಕಡ, 12ರಿಂದ 20 ಪುಟ. ಕೆಮಿಸ್ಟ್ರಿಯಲ್ಲಿ ಮಕ್ಕಳು ಮತ್ತೆ ಮತ್ತೆ ಆರಿಸುವ ಒಂದು ವಿಷಯ ತೆಗೆದುಕೊಳ್ಳೋಣ: ಕಿತ್ತಳೆ ರಸ ಬಿಸಿ ಮಾಡಿದರೆ ವಿಟಮಿನ್ ಸಿ ಎಷ್ಟು ಇಳಿಯುತ್ತದೆ, ಅಯೋಡಿನ್ ಟೈಟ್ರೇಷನ್‌ನಿಂದ (ಅಯೋಡಿನ್ ಹನಿಹನಿಯಾಗಿ ಬೆರೆಸಿ ಅಳೆಯುವ ಕ್ರಮ) ನೋಡುವುದು. ಐದು ತಾಪಮಾನ, ಒಂದೊಂದಕ್ಕೆ ಐದು ಸಲ: 25 ಟೈಟ್ರೇಷನ್. ಸಂಜೆ ಫುಟ್‌ಬಾಲ್ ಇರುವವರಿಗೆ ಲ್ಯಾಬ್ ಸಿಗುವುದು ಬುಧವಾರ ಒಂದು ಗಂಟೆ ಮಾತ್ರ. ಹೀಗಾಗಿ ಒಂದೇ ಪ್ಯಾಕೆಟ್ಟಿನ ರಸ ಮೂರು ವಾರ ಫ್ರಿಜ್ಜಿನಲ್ಲಿ ಕೂರುತ್ತದೆ. ತೆರೆದ ಪ್ಯಾಕೆಟ್ಟಿನಲ್ಲಿ ಗಾಳಿ ತಾಗಿ ವಿಟಮಿನ್ ಸಿ ತಾನಾಗಿಯೇ ಕಡಿಮೆಯಾಗುತ್ತಾ ಹೋಗುತ್ತದೆ. ಮೂರನೇ ವಾರ ಅಳೆದ 80 ಡಿಗ್ರಿಯ ರಸದಲ್ಲಿ ವಿಟಮಿನ್ ಇಳಿದದ್ದು ಬಿಸಿಯಿಂದಲೋ, ಹಳತಾದ್ದರಿಂದಲೋ ಹೇಳಲು ಬರುವುದಿಲ್ಲ. ಗ್ರಾಫ್ ಚಂದವಾಗಿರುತ್ತದೆ, ತೀರ್ಮಾನ ನಿಲ್ಲುವುದಿಲ್ಲ. ಪರಿಹಾರ ಸರಳ: ಪಂದ್ಯವಿಲ್ಲದ ಒಂದು ದಿನ ಮೂರ್ನಾಲ್ಕು ಗಂಟೆ ಲ್ಯಾಬ್ ಮೊದಲೇ ಕೇಳಿ ಎಲ್ಲ ಅಳತೆ ಮುಗಿಸುವುದು. ಆಗದಿದ್ದರೆ ಪ್ರತಿ ವಾರ ಅದೇ ಬ್ಯಾಚಿನ ಹೊಸ ಪ್ಯಾಕೆಟ್ ತೆರೆದು, ಐದು ತಾಪಮಾನವನ್ನೂ ಆ ದಿನವೇ ಅಳೆದು, ಬಿಸಿ ಮಾಡದ ರಸವನ್ನೂ ಜೊತೆಗೆ ಟೈಟ್ರೇಟ್ ಮಾಡುವುದು.

ಮೇ ಪರೀಕ್ಷೆಗೆ ಕೂರುವವರ ಕ್ಯಾಲೆಂಡರ್ ಹೆಚ್ಚುಕಮ್ಮಿ ಹೀಗಿರುತ್ತದೆ. ಮೊದಲ ವರ್ಷದ ಎರಡನೇ ಅರ್ಧದಲ್ಲಿ ಇಇ ವಿಷಯ, ಮೇಲ್ವಿಚಾರಕರು ನಿರ್ಧಾರವಾಗುತ್ತಾರೆ. ಅವರು ಕೊಡುವ ಸಮಯ ಒಟ್ಟು 3ರಿಂದ 5 ಗಂಟೆ. ಮಿತಿ 4000 ಪದ, ಅದಕ್ಕೆ ಮೀರಿದ್ದನ್ನು ಪರೀಕ್ಷಕರು ಓದುವುದೇ ಇಲ್ಲ, ತೀರ್ಮಾನ 4100ನೇ ಪದದಲ್ಲಿದ್ದರೆ ತೀರ್ಮಾನವೇ ಇಲ್ಲದಂತೆ. ಟಾಕ್ ಎಕ್ಸಿಬಿಷನ್, ಅಂದರೆ ಮೂರು ವಸ್ತು ಆರಿಸಿ ಅವುಗಳ ಬಗ್ಗೆ 950 ಪದ ಬರೆಯುವುದು, ಅದನ್ನು ಮೊದಲ ವರ್ಷದಲ್ಲೇ ಮುಗಿಸಿಬಿಡುವುದು ವಾಸಿ. ಎರಡನೇ ವರ್ಷದ ಸೆಪ್ಟೆಂಬರಿನಲ್ಲಿ ಟಾಕ್ ಪ್ರಬಂಧದ ಆರು ಶೀರ್ಷಿಕೆ ಬರುತ್ತವೆ, ಒಂದನ್ನು ಆರಿಸಿ 1600 ಪದ. ಅಕ್ಟೋಬರ್ 15ಕ್ಕೆ ಆಕ್ಸ್‌ಫರ್ಡ್, ಕೇಂಬ್ರಿಜ್, ಬ್ರಿಟನ್ನಿನ ಮೆಡಿಕಲ್ ಅರ್ಜಿಗಳ ಗಡುವು. ನವೆಂಬರ್ ಆರಂಭಕ್ಕೆ ಅಮೆರಿಕದ ಅರ್ಲಿ ಅರ್ಜಿ. ಅದೇ ವಾರಗಳಲ್ಲಿ ಐಎ ಕರಡುಗಳು, ಅದರ ಬೆನ್ನಿಗೆ ಮಾಕ್ ಪರೀಕ್ಷೆ. ಯೂನಿವರ್ಸಿಟಿಗೆ ಹೋಗುವ ಪ್ರೆಡಿಕ್ಟೆಡ್ ಗ್ರೇಡ್ (ಇಷ್ಟು ಬರಬಹುದು ಅಂತ ಶಿಕ್ಷಕರು ಅಂದಾಜಿಸಿದ್ದು) ಕೂಡ ಆಗಲೇ ತಯಾರಾಗುವುದು. ಶಾಲೆಯ ಆಂತರಿಕ ಗಡುವು ಐಬಿಯ ಗಡುವಿಗಿಂತ ತಿಂಗಳುಗಟ್ಟಲೆ ಮೊದಲಿರುತ್ತದೆ, ಅದನ್ನು ‘ಸುಮ್ಮನೆ ಹೇಳುತ್ತಾರೆ’ ಅಂದುಕೊಳ್ಳಬೇಡಿ. ಕರಡಿನ ಮೇಲೆ ಶಿಕ್ಷಕರು ಅಭಿಪ್ರಾಯ ಬರೆದುಕೊಡುವುದು ಒಂದೇ ಸಲ. ಗಡುವು ತಪ್ಪಿದರೆ ಆ ಸಲವೂ ಹೋಯಿತು.

ಹಾಗಾಗಿ ಸೇವೆ, ಪ್ರಾಜೆಕ್ಟ್, ಚಾರಣ, ದೂರದ ಸಮ್ಮೇಳನ ಎಲ್ಲ ಮೊದಲ ವರ್ಷದಲ್ಲಿ. ಎರಡನೇ ವರ್ಷದ ಮೊದಲರ್ಧಕ್ಕೆ ಒಂದು ಆಟ, ಒಂದು ಸೇವೆ ಉಳಿಸಿಕೊಂಡರೆ 18 ತಿಂಗಳ ಷರತ್ತೂ ತುಂಬುತ್ತದೆ, ಮೈಮನಸ್ಸಿಗೂ ಗಾಳಿಯಾಡುತ್ತದೆ. ವಾರಕ್ಕೆರಡು ಸಂಜೆ ಓಡಿ ಬಂದವರ ಓದಿಗೆ ಅದರಿಂದ ನಷ್ಟವಿಲ್ಲ. ನಷ್ಟವೆಲ್ಲ ರಾತ್ರಿ ಎರಡು ಗಂಟೆಗೆ ಬರೆದ ಕರಡಿನಿಂದ.

ಸೇರಿದ ಮೊದಲ ವಾರವೇ ಡಿಪ್ಲೊಮಾ ಕೋಆರ್ಡಿನೇಟರ್ ಹತ್ತಿರ ಎರಡು ವರ್ಷದ ಆಂತರಿಕ ಗಡುವಿನ ಪಟ್ಟಿ ಕೇಳಿ ಪಡೆಯಿರಿ. ಅದರ ಪಕ್ಕದಲ್ಲಿ ಆಟದ ಸೀಸನ್‌ಗಳ ತಾರೀಖು ಬರೆದಿಡಿ. ಎಲ್ಲಿ ಒಂದರ ಮೇಲೊಂದು ಕೂರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಎರಡು ವರ್ಷದ ನಡುವಿನ ಬೇಸಿಗೆ ರಜೆ ಇಇಯ ಮೊದಲ ಕರಡಿನ ಕಾಲ. ಅದು ವಿಜ್ಞಾನದ ಪ್ರಯೋಗವಾಗಿದ್ದರೆ ರಜೆಯಲ್ಲಿ ಲ್ಯಾಬ್ ತೆರೆದಿರುವುದಿಲ್ಲ, ಅಳತೆಗಳೆಲ್ಲ ರಜೆಗೆ ಮೊದಲೇ ಮುಗಿದಿರಬೇಕು. ಮನೆಗೆ ಬರುವ ಟಿಕೆಟ್ ಬುಕ್ ಮಾಡುವ ಮುಂಚೆ ಲ್ಯಾಬ್ ಎಂದು ಮುಚ್ಚುತ್ತದೆ ಅಂತ ಒಂದು ಮಾತು ಕೇಳಿಕೊಳ್ಳಿ.